ಜನ ಬೇಡ ಎಂದರೂ ನಾಯಕರು ಯುದ್ಧಕ್ಕೆ ಯಾಕೆ ಹೋಗುತ್ತಾರೆ?

ಇಲ್ಲಿ ಕಾರವಾರದ ಬೈತಖೋಲ ಬಂದರಿನಲ್ಲಿ ಇದನ್ನು ಕೇಳಿದರೆ ಬೋಟಿನವರು 'ಎಣ್ಣೆಗೆ, ಮತ್ತೇನು?' ಅಂತಾರೆ. ಡೀಸೆಲ್ ಬಿಲ್ ಕಟ್ಟುವವರು ಹಾಗನ್ನುವುದು ಸಹಜ ಬಿಡಿ. ಆದರೆ ಕುರ್ಚಿಯ ಚಿಂತೆ, ಕೊಟ್ಟ ಮಾತು ಇವೂ ಸಣ್ಣ ಕಾರಣಗಳಲ್ಲ.

ಆಗಿನ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಅವರನ್ನೇ ನೋಡಿ. 2003ರ ಫೆಬ್ರವರಿ 15ರಂದು ಇರಾಕ್ ಯುದ್ಧ ಬೇಡ ಎಂದು ಲಂಡನ್ನಿನ ಬೀದಿಗೆ ಲಕ್ಷಾಂತರ ಜನ ಇಳಿದರು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. 2002ರ ಜುಲೈನಲ್ಲೇ ಅವರು ಅಮೆರಿಕದ ಅಧ್ಯಕ್ಷ ಬುಷ್‌ಗೆ 'ಏನೇ ಆಗಲಿ, ನಿಮ್ಮ ಜೊತೆಗಿರುತ್ತೇನೆ' ಎಂದು ಬರೆದಿದ್ದರು. ಹಿಂದೆ ಸರಿದರೆ ಅಮೆರಿಕದ ಸ್ನೇಹ ಕೆಡುತ್ತದೆ ಎಂಬ ಅಳುಕು ಒಂದು ಕಡೆ. ಇರಾಕಿನ ಸರ್ವಾಧಿಕಾರಿ ಸದ್ದಾಂ ಅಪಾಯಕಾರಿ ಎಂದು ಅವರು ನಿಜಕ್ಕೂ ನಂಬಿದ್ದರು ಅನ್ನೋದು ಇನ್ನೊಂದು ಕಡೆ. 2003ರ ಮಾರ್ಚ್ 18ರಂದು ಬ್ರಿಟನ್ ಸಂಸತ್ತು 412-149 ಮತಗಳಿಂದ ಯುದ್ಧಕ್ಕೆ ಒಪ್ಪಿತು.

ಅರ್ಜೆಂಟೀನಾದ ಸೈನಿಕ ಆಡಳಿತಗಾರ ಗಾಲ್ಟಿಯೇರಿಯದು ಹೆಚ್ಚಾಗಿ ಕುರ್ಚಿ ಲೆಕ್ಕ. 1982ರ ಮಾರ್ಚ್ 30ರಂದು ಬೆಲೆ ಏರಿಕೆಯಿಂದ ರೋಸಿದ ಜನ ಅವರ ಸೈನಿಕ ಸರ್ಕಾರದ ವಿರುದ್ಧ ಬೀದಿಗೆ ಬಂದರು. ಏಪ್ರಿಲ್ 2ಕ್ಕೆ ಅವರ ಸೇನೆ ಬ್ರಿಟನ್ ವಶದಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಇಳಿಯಿತು. ಆಗ ಅದೇ ಬೀದಿಗಳಲ್ಲಿ ಜೈಕಾರ! ಜೂನ್‌ನಲ್ಲಿ ಸೋತದ್ದೇ ತಡ, ಕುರ್ಚಿ ಹೋಯಿತು. ಬ್ಲೇರ್ ಮಾತ್ರ 2005ರ ಚುನಾವಣೆಯನ್ನೂ ಗೆದ್ದರು.