ತಿಪಟೂರಿನ ತೋಟದಲ್ಲಿ ಸಿಕ್ಕ ಗರಿ ಹದ್ದಿನದಾ, ಗೂಬೆಯದಾ?

ತಿಪಟೂರು ಹತ್ತಿರದ ತೋಟ, ಕೊಬ್ಬರಿ ಅಟ್ಟದ ಹಿಂದೆ ಬಿದ್ದಿದ್ದ ಗರಿ, 21 ಸೆಂ.ಮೀ. ಉದ್ದ, ಜೇನಿನ ಬಣ್ಣ, ಅಡ್ಡಕ್ಕೆ ನಾಲ್ಕು ಬೂದು ಪಟ್ಟೆ, ಹಿಂಬದಿ ಹೆಚ್ಚುಕಮ್ಮಿ ಬಿಳಿ. ನೀವು ಕೊಟ್ಟಿರುವ ವಿವರ ಇಷ್ಟು. ಹದ್ದಿನದಾ ಅಂತ ನಿಮ್ಮ ಪ್ರಶ್ನೆ, ಗೂಬೆಯದು ಬಿಸಾಕು ಅಂತ ನಿಮ್ಮ ಅಮ್ಮ. ನನಗೆ ಅಮ್ಮನ ಮಾತೇ ಸರಿ ಅನ್ನಿಸುತ್ತದೆ, ಆದರೆ ಬಿಸಾಕುವ ಮೊದಲು ಒಮ್ಮೆ ನೋಡಿಬಿಡಿ.

ಮೊದಲೇ ಹೇಳಿಬಿಡುತ್ತೇನೆ, ಗರಿ ನೋಡಿ ಎಡವಿದವನು ನಾನು. ಚಿಕ್ಕವನಿದ್ದಾಗ ಗುಬ್ಬಿಯ ನಮ್ಮ ಹಿತ್ತಲಲ್ಲಿ ಪಟ್ಟೆ ಪಟ್ಟೆ ಗರಿಯೊಂದು ಸಿಕ್ಕಿ, ಗಿಡುಗನ ಗರಿ ಅಂತ ಕ್ಲಾಸಿನಲ್ಲೆಲ್ಲ ಮೆರೆದಿದ್ದೆ. ಅದು ಅಜ್ಜಿಯ ಹುಂಜದ್ದು. ದಂಟಿನ ಬುಡದಲ್ಲಿ ಜೋಡಿಯಾಗಿ ಇನ್ನೊಂದು ಪುಟ್ಟ ಮೆತ್ತನೆಯ ಗರಿ ಅಂಟಿಕೊಂಡಿತ್ತು, ಕೋಳಿಯ ಮೈಗರಿಯಲ್ಲಿ ಅದು ಎದ್ದು ಕಾಣುತ್ತದೆ. ಅವತ್ತು ಬಣ್ಣ ನೋಡಿದೆನೇ ಹೊರತು ಬುಡ ನೋಡಲಿಲ್ಲ. ಬಣ್ಣ ಬಿಸಿಲಿಗೆ ಬಿದ್ದರೆ ಮಾಸಿ ಹೋಗುತ್ತದೆ, ಆಕಾರ ಎಲ್ಲಿಗೆ ಹೋಗುತ್ತೆ ಹೇಳಿ.

ನಿಮ್ಮ ಗರಿಯನ್ನು ಕೈಯಲ್ಲಿ ಹಿಡಿದು ನೋಡಿ. ದಂಟಿನ ಒಂದು ಪಕ್ಕ ಕಿರಿದು, ಇನ್ನೊಂದು ಪಕ್ಕ ಅಗಲ ಇದ್ದರೆ ಅದು ಬಹುಮಟ್ಟಿಗೆ ರೆಕ್ಕೆಯ ಗರಿ. ಎರಡೂ ಪಕ್ಕ ಸಮ ಇದ್ದರೆ ಬಾಲದ ನಡುವಿನದು ಇರಬಹುದು. ಕಿರಿದಾದ ಪಕ್ಕವೇ ಹಾರುವಾಗ ಗಾಳಿಗೆ ಎದುರಾಗುವ ಅಂಚು. ಆ ಅಂಚಿನ ಮೇಲೆ ಬೆರಳು ಸವರಿ. ಸಣ್ಣ ಬಾಚಣಿಗೆಯ ಹಲ್ಲಿನಂತೆ ತಾಕಿತೋ, ಗೂಬೆ ಅಂತ ಬರೆದುಕೊಳ್ಳಿ. ಸದ್ದಿಲ್ಲದೆ ಇಲಿಯ ಮೇಲೆ ಎರಗಬೇಕಲ್ವಾ, ಗಾಳಿಯ ಸದ್ದು ತಗ್ಗಿಸಲು ಇರುವ ಏರ್ಪಾಡು ಅದು. ಆದರೆ ಈ ಹಲ್ಲು ರೆಕ್ಕೆಯ ತೀರಾ ಹೊರಗಿನ ಗರಿಯಲ್ಲೇ ಚೆನ್ನಾಗಿ ಕಾಣುವುದು, ಹಾಗಾಗಿ ಇಲ್ಲ ಅಂದ ಮಾತ್ರಕ್ಕೆ ಕೈಬಿಡಬೇಡಿ. ಗರಿಯ ಮೇಲ್ಮೈ ಮುಟ್ಟಿ, ಗೂಬೆಯದು ಮಖಮಲ್ಲಿನ ಹಾಗಿರುತ್ತದೆ. ಹದ್ದಿನ ಗರಿ ಬಿರುಸು, ಗಾಳಿಯಲ್ಲಿ ಬೀಸಿದರೆ ಸುಯ್ ಅನ್ನುತ್ತದೆ. ನಮ್ಮ ಪೇಟೆಗಳ ಮೇಲೆ ಸುತ್ತುವ ಕರಿ ಹದ್ದಿನ ಗರಿ ಮಂಕು ಕಂದು, ಜೇನಿನ ಬಣ್ಣ ಅದಕ್ಕೆಲ್ಲಿಂದ ಬಂತು.

ಒಂದು ತಕರಾರಿದೆ. ಕೆರೆ ಪಕ್ಕ ಇರುವ ಮೀನು ಗೂಬೆಗೆ ಈ ಬಾಚಣಿಗೆ ಇರುವುದಿಲ್ಲ, ನೀರೊಳಗಿನ ಮೀನಿಗೆ ರೆಕ್ಕೆ ಸದ್ದು ಕೇಳಿಸಿದರೆ ತಾನೇ ಅದಕ್ಕೆ ಚಿಂತೆ! ಆದರೆ ಅದರ ರೆಕ್ಕೆಗರಿ ಇದಕ್ಕಿಂತ ಉದ್ದ, ಬಣ್ಣವೂ ಗಾಢ ಕಂದು. ಮಧುಗಿರಿ ಕಡೆಯ ಬಂಡೆಗಳಲ್ಲಿರುವ ಕೊಂಬಿನ ಗೂಬೆಯದೂ ದೊಡ್ಡದೇ. ಬುಡುಬುಡಿಕೆಯವರು ಶಕುನ ಹೇಳುವ ಹಾಲಕ್ಕಿ ಗೂಬೆಯೋ, ಅಂಗೈಯಲ್ಲಿ ಕೂರುವಷ್ಟು ಪುಟ್ಟದು, 21 ಸೆಂ.ಮೀ. ಗರಿ ಅದಕ್ಕೆ ಸಾಧ್ಯವೇ ಇಲ್ಲ. ಅಳತೆ, ಜೇನಿನ ಬಣ್ಣ, ಬಿಳಿ ಹಿಂಬದಿ ಮೂರೂ ಸೇರಿದರೆ ಉಳಿಯುವುದು ಕಣಜ ಗೂಬೆ, ಇಂಗ್ಲಿಷಿನಲ್ಲಿ ಬಾರ್ನ್ ಔಲ್.

ಇನ್ನೂ ಅನುಮಾನ ಇದ್ದರೆ ಒಂದು ಮಜಾ ಇದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಯಾರ ಅಂಗಡಿಯಲ್ಲಾದರೂ ಸಿಕ್ಕರೆ ಕತ್ತಲಲ್ಲಿ ಗರಿಯ ಹಿಂಬದಿಗೆ ಹಿಡಿಯಿರಿ. ಹೊಸ ಗರಿಯಾದರೆ ಗುಲಾಬಿ ಬಣ್ಣ ಹೊಳೆಯುತ್ತದೆ. ಪಾರ್ಫಿರಿನ್ ಅನ್ನುವ ಬಣ್ಣದ ವಸ್ತು ಅದಕ್ಕೆ ಕಾರಣ. ಬಿಸಿಲಿನಲ್ಲಿ ಬಹಳ ದಿನ ಬಿದ್ದಿದ್ದರೆ ಅದೂ ಹೋಗಿರುತ್ತದೆ. ಹೋಲಿಸಿ ನೋಡಲು 2021ರಲ್ಲಿ ಶುರುವಾದ ಭಾರತದ ಫೆದರ್ ಲೈಬ್ರರಿ ಅನ್ನುವ ವೆಬ್‌ಸೈಟ್ ಇದೆ, ರೆಕ್ಕೆಗರಿ ಬಾಲಗರಿ ಎಲ್ಲ ಸಾಲಾಗಿ ಜೋಡಿಸಿದ ಫೋಟೋ ಸಿಗುತ್ತವೆ. ನೀವು ಫೋಟೋ ತೆಗೆಯುವಾಗ ಸ್ಕೇಲ್ ಪಕ್ಕದಲ್ಲಿಟ್ಟು ಎರಡೂ ಬದಿ ತೆಗೆಯಿರಿ. ಆಮೇಲೆ ಗರಿಯನ್ನು ಅಲ್ಲೇ ಬಿಟ್ಟು ಕೈ ತೊಳೆದುಕೊಳ್ಳಿ, ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ.

ಗರಿಗಿಂತ ನನಗೆ ಕುತೂಹಲ ನಿಮ್ಮ ಅಟ್ಟದ ಮೇಲೆ. ಕೊಬ್ಬರಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಈ ಗೂಬೆ. ಮೂಲೆಯಲ್ಲಿ ಸುಣ್ಣ ಚೆಲ್ಲಿದಂಥ ಹಿಕ್ಕೆ, ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಇವೆಯಾ ನೋಡಿ. ಇಲಿಯನ್ನು ಇಡಿಯಾಗಿ ನುಂಗಿ, ಕೂದಲು ಮೂಳೆಯನ್ನೆಲ್ಲ ಉಂಡೆ ಕಟ್ಟಿ ಕಾರುತ್ತದೆ. ಒಂದು ಉಂಡೆ ಬಿಡಿಸಿದರೆ ಇಲಿ ತಲೆಬುರುಡೆ ಸಿಗುತ್ತದೆ, ಕೈಗೆ ಕವರ್ ಹಾಕಿಕೊಂಡು ಮಾಡಿ. ರಾತ್ರಿ ಅಟ್ಟದಿಂದ ಗೊರಕೆಯಂತೆ ಬುಸ್ ಬುಸ್ ಸದ್ದು ಬಂದರೆ ಹಾವು ಅಂತ ಬೆಚ್ಚಬೇಡಿ, ಮರಿಗಳಿರಬಹುದು. ಹಾಗಿದ್ದರೆ ಅವು ಹಾರಿ ಹೋಗುವ ತನಕ ಅಟ್ಟಕ್ಕೆ ಗೂಬೆ ಹೋಗಿಬರುವ ಕಿಂಡಿ ಮುಚ್ಚಬೇಡಿ, ಅಮ್ಮನಿಗೆ ನಾನು ಹೇಳಿದೆ ಅನ್ನಿ.