ಓದುಗರ ಪ್ರಶ್ನೆ: ಕೇಜ್ ಹಾಕಿದರೂ ಕಾರು ಯಾಕೆ ತಿರುಚುತ್ತದೆ?

ಪ್ರಶ್ನೆ: ಹಳೆಯ ಹ್ಯಾಚ್‌ಬ್ಯಾಕ್ ಒಂದಕ್ಕೆ ರೇಸಿಗೆ ಅಂತ ಬೋಲ್ಟ್ ಹಾಕುವ ಆರು ಕಾಲಿನ ರೋಲ್ ಕೇಜ್ (ಕಾರಿನ ಒಳಗಿನ ಉಕ್ಕಿನ ಪೈಪುಗಳ ಪಂಜರ) ಕೂರಿಸಿದ್ದೇವೆ. ಆದರೂ ಮುಂದಿನ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ಓಲದಂತೆ ತಡೆಯುವ ಸರಳು) ಬದಲಾಯಿಸಿದರೆ ತಿರುವಿನಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಇನ್ನೂ ದಪ್ಪ ಪೈಪಿನ ಕೇಜ್ ಮಾಡಿಸಿದರೆ ಸರಿಹೋಗುತ್ತದಾ?

ಉತ್ತರ: ಸ್ವಲ್ಪ ತಡೆಯಿರಿ. ತೊಂದರೆ ಪೈಪಿನ ದಪ್ಪದಲ್ಲಿ ಇದ್ದಂತಿಲ್ಲ, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನುವುದರಲ್ಲಿದೆ.

ಕನ್ನಡದಲ್ಲಿ ನಾವು ಎಲ್ಲದಕ್ಕೂ ‘ಗಟ್ಟಿ’ ಅಂದುಬಿಡುತ್ತೇವೆ. ಮುರಿಯದೇ ಇರುವುದೂ ಗಟ್ಟಿ, ಬಾಗದೇ ಇರುವುದೂ ಗಟ್ಟಿ. ಕೇಜಿನ ವಿಷಯದಲ್ಲಿ ಇವೆರಡು ಬೇರೆ ಬೇರೆ. ಕಾರು ಮಗುಚಿದಾಗ ಡ್ರೈವರ್ ತಲೆ ಕಾಯುವುದು ಬಲ. ತಿರುವಿನಲ್ಲಿ ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ತಿರುಚದಂತೆ ಹಿಡಿಯುವುದು ಬಿಗಿತ. ನಿಮ್ಮ ಕೇಜಿಗೆ ಬಲ ಇರಬಹುದು, ಬಿಗಿತ ಸಾಲದು. ಚಾಸಿಯೇ ತಿರುಚಿಕೊಂಡರೆ ಆ್ಯಂಟಿ-ರೋಲ್ ಬಾರ್ ಬದಲಾಯಿಸಿದ್ದು ಅದರಲ್ಲೇ ಕರಗಿಹೋಗುತ್ತದೆ.

ಅಲ್ಲಾಡುವ ಬೆಂಚಿಗೆ ಬಡಗಿ ಏನು ಮಾಡುತ್ತಾನೆ? ಕಾಲು ದಪ್ಪ ಮಾಡುವುದಿಲ್ಲ, ಒಂದು ಓರೆಪಟ್ಟಿ ಹೊಡೆಯುತ್ತಾನೆ, ಅಷ್ಟೇ. ಬೆಂಕಿಪೊಟ್ಟಣದ ಒಳಗಿನ ಗೂಡು ತೆಗೆದು ಹೊರಗಿನ ಕವಚ ಒತ್ತಿ ನೋಡಿ, ಚೌಕ ಓರೆಯಾಗಿ ಮಲಗಿಬಿಡುತ್ತದೆ. ಕೇಜಿನ ಪ್ರತಿ ಚೌಕವೂ ಹಾಗೆಯೇ: ಮುಖ್ಯ ಕಮಾನು (ಸೀಟಿನ ಹಿಂದೆ ನಿಲ್ಲುವ ದೊಡ್ಡ ಕಮಾನು), ಛಾವಣಿ, ಎರಡು ಬಾಗಿಲು, ಹಿಂದಿನ ಕಾಲುಗಳ ನಡುವಿನ ಜಾಗ. ಎಲ್ಲೆಲ್ಲಿ ಓರೆ ಪೈಪು ಇಲ್ಲವೋ ಅಲ್ಲೆಲ್ಲ ಮೂಲೆಯ ಬೆಸುಗೆ ಒಂದೇ ಹೆಣಗಾಡಬೇಕು. ಓರೆ ಪೈಪು ಬಂದು ತ್ರಿಕೋನ ಆಯಿತು ಅಂದರೆ ಪೈಪು ಬಾಗುವುದರ ಬದಲು ಉದ್ದಕ್ಕೆ ಎಳೆತ, ಒತ್ತಡ ಹೊರುತ್ತದೆ. ಅದರಲ್ಲಿ ಸಣ್ಣ ಪೈಪು ಕೂಡ ಭಾರಿ ಗಟ್ಟಿಗ. ಹಾಗಂತ ಓರೆ ಪೈಪನ್ನು ಇನ್ನೊಂದು ಪೈಪಿನ ನಟ್ಟನಡುವೆ ತಂದು ಬಿಟ್ಟರೆ ಆ ಪೈಪನ್ನೇ ಬಾಗಿಸುತ್ತದೆ. ಪೈಪುಗಳ ನಡುಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಬೇಕು. ಬಾಗಿಸಿದ ಪೈಪನ್ನು ಓರೆಗೆ ಬಳಸುವುದೂ ಬೇಡ, ಅದು ಸ್ಪ್ರಿಂಗಿನ ತಮ್ಮ.

ಈಗ ಮುಂದಿನ ಕಡೆಗೆ ಬರೋಣ, ನಿಮ್ಮ ರೋಗ ಅಲ್ಲೇ ಇದೆ ಅಂತ ನನ್ನ ಅನುಮಾನ. ಟೈರಿನ ಬಲ ಚಾಸಿಗೆ ಬರುವುದು ಸಸ್ಪೆನ್ಶನ್ ಕೂತ ಜಾಗದಿಂದ. ನಿಮ್ಮ ಕೇಜಿನ ಮುಂದಿನ ಕಾಲುಗಳು ಡ್ಯಾಶ್‌ಬೋರ್ಡಿನ ಕೆಳಗೆ, ನೆಲದಲ್ಲಿ ಮುಗಿಯುತ್ತವೆ ಅಲ್ವಾ? ಅಲ್ಲಿಂದ ಮುಂದಿನ ಸ್ಟ್ರಟ್ ಟವರ್‌ವರೆಗೆ (ಸಸ್ಪೆನ್ಶನ್ನಿನ ಮೇಲ್ತುದಿ ಬಾಡಿಗೆ ಕೂರುವ ಜಾಗ) ಬರೀ ಕಾರ್ಖಾನೆಯ ತಗಡು. ಒಂದು ಲೆಕ್ಕ ಹಾಕಿ. ಮುಂಭಾಗದ ಬಿಗಿತ ಒಂದು ಡಿಗ್ರಿ ತಿರುಚುವುದಕ್ಕೆ 4,000 ನ್ಯೂಟನ್ ಮೀಟರ್, ನಡುಭಾಗದ್ದು 20,000 ಅಂದುಕೊಳ್ಳಿ. ಒಂದರ ಹಿಂದೆ ಒಂದು ಕಟ್ಟಿದ ಸ್ಪ್ರಿಂಗುಗಳಂತೆ ಇವೆರಡೂ ಸೇರಿ ಸುಮಾರು 3,330 ಆಗುತ್ತದೆ. ದಪ್ಪ ಪೈಪು ತುಂಬಿ ನಡುಭಾಗವನ್ನು 40,000 ಮಾಡಿದರೂ ಒಟ್ಟು 3,640 ದಾಟುವುದಿಲ್ಲ. ಅದೇ ಮುಂಭಾಗವನ್ನು 8,000 ಮಾಡಿದರೆ ಒಟ್ಟು 5,700! ಹಾಗಾಗಿ ಬೆಂಕಿಗೋಡೆ (ಎಂಜಿನ್ನಿಗೂ ಒಳಗಿನ ಸೀಟುಗಳಿಗೂ ನಡುವಿನ ತಗಡು) ದಾಟಿ ಸ್ಟ್ರಟ್ ಟವರ್‌ಗೆ ಎರಡು ಪೈಪು ಕೊಡಿ, ಹಿಂದಿನ ಕಾಲುಗಳನ್ನು ಹಿಂದಿನ ಶಾಕ್ ಟವರ್‌ಗೇ ಇಳಿಸಿ. ಕೆಲವು ವರ್ಗಗಳಲ್ಲಿ ಬೆಂಕಿಗೋಡೆ ದಾಟುವುದಕ್ಕೆ ಬಿಡುವುದಿಲ್ಲ. ಮೊದಲು ನಿಮ್ಮ ನಿಯಮ ಪುಸ್ತಕ ಓದಿ, ಆಮೇಲೆ ಪೈಪು ಕತ್ತರಿಸಿ.

ಬೋಲ್ಟಿನ ಮಾತು. ಬೋಲ್ಟ್ ಕೇಜ್ ತಲೆ ಕಾಯುತ್ತದೆ, ಆದರೆ ಬಿಗಿತಕ್ಕೆ ಬೆಸುಗೆಯೇ ಮೇಲು. ಜೊತೆಗೆ ಮುಂದಿನ ಗಾಜಿನ ಕಂಬಕ್ಕೂ ಕೇಜಿಗೂ ನಡುವೆ ತಗಡಿನ ಪಟ್ಟಿ ಹಾಕಿ ಅಲ್ಲಲ್ಲಿ ಬೆಸೆದರೆ ಬಾಡಿ ಮತ್ತು ಕೇಜ್ ಒಂದಾಗಿ ದುಡಿಯುತ್ತವೆ. ತೂಕ ಅಷ್ಟೇನೂ ಹೆಚ್ಚುವುದಿಲ್ಲ, ಲಾಭ ಮಾತ್ರ ಜಾಸ್ತಿ.

ಪ್ರಶ್ನೆ: ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು) ಪೈಪು ಹಾಕಿದರೆ ಚಾಸಿ ಇನ್ನೂ ಬಿಗಿಯಾಗುತ್ತದೆ ಅನ್ನುತ್ತಾರೆ. ನಿಜವೇ?

ಉತ್ತರ: ಸುಳ್ಳು. 4130 ಕ್ರೋಮೋಲಿಗೆ ಬಲ ಜಾಸ್ತಿ, ಒಪ್ಪಿದೆ. ಆದರೆ ಉಕ್ಕು ಯಾವುದಾದರೂ ಅದರ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಲೋಹದ್ದೇ ಬಿಗಿತದ ಅಳತೆ, ಹತ್ತಿರ ಹತ್ತಿರ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್. ತೂಕವೂ ಒಂದೇ. ಅಂದರೆ ಒಂದೇ ಅಳತೆಯ ಪೈಪಾದರೆ ಎರಡೂ ಅಷ್ಟೇ ಬಾಗುತ್ತವೆ. ಬಲ ಜಾಸ್ತಿ ಇದೆ ಅಂತ ತೆಳ್ಳಗಿನ ಪೈಪು ಹಾಕಿದಿರೋ, ಬಿಗಿತ ಕಮ್ಮಿಯೇ ಆಗುತ್ತದೆ!

ಬಿಗಿತ ಬೇಕಾದರೆ ವ್ಯಾಸ ನೋಡಿ. ಜಾಗತಿಕ ಮೋಟಾರ್ ರೇಸಿನ ಸಂಸ್ಥೆಯಾದ ಎಫ್‌ಐಎ ನಿಯಮಗಳ 253ನೇ ವಿಧಿಯಲ್ಲಿ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ ಅಥವಾ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ ಅಂತ ಎರಡು ಆಯ್ಕೆ ಇವೆ. ಮೊದಲನೆಯದು ಮೀಟರಿಗೆ ಸುಮಾರು 2.6 ಕೆ.ಜಿ., ಎರಡನೆಯದು 2.4. ಹಗುರವಾದ ಈ ಎರಡನೆಯದೇ ಬಾಗುವಿಕೆಯಲ್ಲಿ ಶೇ. 15ರಷ್ಟು ಹೆಚ್ಚು ಬಿಗಿ. ಜಾಗ ಇದ್ದರೆ ನಾನು ಅದನ್ನೇ ಆರಿಸುತ್ತೇನೆ.

ಪ್ರಶ್ನೆ: ಬಿಗಿತವನ್ನು ಗ್ಯಾರೇಜಿನಲ್ಲೇ ಅಳೆಯಬಹುದಾ?

ಉತ್ತರ: ಅಳೆಯಬಹುದು, ಅಳೆಯಲೇಬೇಕು. ಶಾಕ್‌ಗಳ ಬದಲು ಗಟ್ಟಿ ಸರಳು ಹಾಕಿ. ಚಕ್ರ ಕೂರುವ ಹಿಂದಿನ ಎರಡು ಹಬ್‌ಗಳನ್ನು ಅಲ್ಲಾಡದಂತೆ ಕಟ್ಟಿ. ಮುಂದಿನ ಹಬ್‌ಗಳಿಗೆ ಅಡ್ಡ ತೊಲೆ ಬಿಗಿದು, ತೊಲೆಯ ನಡುಮಧ್ಯವನ್ನು ಒಂದು ಮೊನೆಯ ಮೇಲೆ ಕೂರಿಸಿ. ನಡುವಿನಿಂದ ಒಂದು ಮೀಟರ್ ದೂರದಲ್ಲಿ 50 ಕೆ.ಜಿ. ಇಟ್ಟರೆ ಸುಮಾರು 490 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. ಮುಂದಿನ ಸ್ಟ್ರಟ್ ಟವರ್‌ಗಳ ಹತ್ತಿರ, ಒಂದು ಮೀಟರ್ ಅಂತರದಲ್ಲಿ ಇಟ್ಟ ಎರಡು ಡಯಲ್ ಗೇಜುಗಳಲ್ಲಿ (ಸಣ್ಣ ಅಲುಗಾಟ ತೋರಿಸುವ ಮುಳ್ಳಿನ ಅಳತೆ ಸಾಧನ) ಒಂದು ಕಡೆ 1 ಮಿ.ಮೀ. ಮೇಲೆ, ಇನ್ನೊಂದು ಕಡೆ 1 ಮಿ.ಮೀ. ಕೆಳಗೆ ಬಂತು ಅಂದರೆ ಕೋನ 0.115 ಡಿಗ್ರಿ, ಬಿಗಿತ ಡಿಗ್ರಿಗೆ ಸುಮಾರು 4,300.

ಒಂದೇ ಜಾಗದಲ್ಲಿ ಅಳೆದು ನಿಲ್ಲಿಸಬೇಡಿ. ಹಿಂದಿನಿಂದ ಮುಂದಕ್ಕೆ ಐದಾರು ಕಡೆ ಅಳೆದು, ತಿರುಚಿದ ಕೋನಗಳನ್ನು ಕಾಗದದ ಮೇಲೆ ಗುರುತಿಸಿ ಗೆರೆ ಎಳೆಯಿರಿ. ಗೆರೆ ಎಲ್ಲಿ ತಟಕ್ಕನೆ ಏರುತ್ತದೋ ಅಲ್ಲಿಗೆ ಇನ್ನೊಂದು ಪೈಪು.

ಪ್ರಶ್ನೆ: ಬೆಸುಗೆ ಮುಗಿದ ಮೇಲೆ ಬಾಗಿಲೇ ಮುಚ್ಚುತ್ತಿಲ್ಲ. ಏನು ತಪ್ಪಾಯಿತು?

ಉತ್ತರ: ನನಗೂ ಒಮ್ಮೆ ಹೀಗೇ ಆಗಿದೆ, ಅವತ್ತು ನಗು ಬರಲಿಲ್ಲ. ಕಾರನ್ನು ಎಲ್ಲೆಂದರಲ್ಲಿ ಜ್ಯಾಕ್ ಕೊಟ್ಟು ನಿಲ್ಲಿಸಿ ಬೆಸೆದಿದ್ದೆ, ಅದು ಬಾಗಿ ನಿಂತ ಆಕಾರವೇ ಶಾಶ್ವತವಾಯಿತು. ಸಸ್ಪೆನ್ಶನ್ ಜಾಗಗಳಲ್ಲೇ ಆಧಾರ ಕೊಟ್ಟು, ಮಟ್ಟ ನೋಡಿ, ಬಾಗಿಲುಗಳನ್ನು ಹಾಕಿಟ್ಟುಕೊಂಡು ಇಡೀ ಕೇಜಿಗೆ ಚುಕ್ಕೆ ಬೆಸುಗೆ ಹಾಕಿ. ಆಮೇಲೆ ಎಡಕ್ಕೊಂದು, ಬಲಕ್ಕೊಂದು ಅಂತ ಬದಲಿಸುತ್ತಾ ಪೂರ್ತಿ ಬೆಸೆಯಿರಿ. ಈಗ ಆಗಿರುವುದಕ್ಕೆ ಬಾಗಿಲ ಪೈಪುಗಳನ್ನು ಕತ್ತರಿಸಿ ಬಾಡಿಯನ್ನು ಸಡಿಲ ಬಿಟ್ಟು ನೋಡಿ. ಬಾಗಿಲು ಕೂತರೆ ನಿಮ್ಮ ಅದೃಷ್ಟ.

ಪ್ರಶ್ನೆ: ಕೇಜ್ ಇರುವ ಕಾರನ್ನು ದಿನಾ ರಸ್ತೆಗೆ ಬಳಸಬಹುದಾ?

ಉತ್ತರ: ಬೇಡ. ಹೆಲ್ಮೆಟ್ ಇಲ್ಲದ ತಲೆಯ ಪಕ್ಕ ಉಕ್ಕಿನ ಪೈಪು, ಸಣ್ಣ ಡಿಕ್ಕಿಯೂ ಸಾಕು.