ಅನಿಮೆ ಸ್ಟುಡಿಯೋ ಸೇರ್ತೀನಿ ಅಂದ ತಂಗಿಗೆ

"ಅಣ್ಣಾ, ಮೈಸೂರಲ್ಲಿ ಅನಿಮೇಶನ್ ಓದಿದೀನಿ. ಟೋಕಿಯೋಗೆ ಬಂದು ಅನಿಮೆ ಸ್ಟುಡಿಯೋ ಸೇರಿದ್ರೆ ಜೀವನ ನಡೆಯುತ್ತಾ?" ಅಂತ ಕೇಳಿದೀಯ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು. ಟೋಕಿಯೋದ ಸುಗಿನಾಮಿಯಲ್ಲಿ ಮನೆ, ಸ್ಟುಡಿಯೋದ ಸಾತ್ಸುಯೇ ವಿಭಾಗದಲ್ಲಿ ಕೆಲಸ. ಸಾತ್ಸುಯೇ ಅಂದ್ರೆ ಕ್ಯಾಮೆರಾದಲ್ಲಿ ಸೆರೆಹಿಡಿಯೋದು. ಚಿತ್ರದ ಹಾಳೆಗಳನ್ನ ಒಂದೊಂದಾಗಿ ಫೋಟೋ ತೆಗೀತಿದ್ದ ಕಾಲದ ಹೆಸರು ಅದು. ಈಗ ಪಾತ್ರ, ಹಿನ್ನೆಲೆ, ಬೆಳಕು ಎಲ್ಲಾನೂ ಕಂಪ್ಯೂಟರಲ್ಲೇ ಜೋಡಿಸ್ತೀವಿ.

ಮೊದಲು ದುಡ್ಡಿನ ಮಾತು. ಚಿತ್ರ ಬಿಡಿಸೋಕೆ ಬರೋ ಹೊಸಬರಿಗೆ ಸಿಗೋದು ದೋಗಾ ಕೆಲಸ, ಅಂದ್ರೆ ಎರಡು ಮುಖ್ಯ ಚಿತ್ರಗಳ ನಡುವಿನ ಚಲನೆ ಬಿಡಿಸೋದು. ಟಿವಿ ಸರಣಿಗಾದ್ರೆ ಹಾಳೆಗೆ 200 ಯೆನ್ ಆಸುಪಾಸು. ದಿನವಿಡೀ ಬೆನ್ನು ಬಗ್ಗಿಸಿ 20 ಹಾಳೆ ಮುಗಿಸಿದ್ರೂ 4000 ಯೆನ್. ಬೀದಿ ಕೊನೆಯ ಕೊನ್ಬಿನಿ ಅಂಗಡಿಯಲ್ಲಿ ನಾಲ್ಕು ಗಂಟೆ ನಿಂತ್ರೆ ಅದಕ್ಕಿಂತ ಹೆಚ್ಚು ಕೊಡ್ತಾರೆ.

ಅನಿಮೆ ನಿರ್ದೇಶಕ ಮಿಯಾಝಾಕಿ ಅವರ ಚಿತ್ರಗಳಿಗೆ 2003ರಲ್ಲಿ, ಮತ್ತೆ 2024ರಲ್ಲಿ ಆಸ್ಕರ್ ಬಂತು. ಜಗತ್ತೇ ಕಾದು ನೋಡೋ ಉದ್ಯಮದಲ್ಲಿ ಯಾಕೆ ಹೀಗೆ? ಹೆಚ್ಚಿನ ಸರಣಿಗಳಿಗೆ ಬಂಡವಾಳ ಹಾಕೋದು 'ಸೇಯಿಸಾಕು ಇಯಿಂಕಾಯ್': ಪ್ರಕಾಶಕರು, ಟಿವಿ ಚಾನೆಲ್, ಆಟಿಕೆ ಕಂಪನಿ, ಸಂಗೀತ ಕಂಪನಿ ಎಲ್ಲ ಸೇರಿ ಕಟ್ಟೋ ಕೂಟ. ಹಕ್ಕು ಅವರದು. ಸ್ಟುಡಿಯೋಗೆ ಮೊದಲೇ ಗೊತ್ತು ಮಾಡಿದ ಮೊತ್ತ ಅಷ್ಟೇ. ಸ್ಟುಡಿಯೋನೂ ಬಂಡವಾಳದಲ್ಲಿ ಪಾಲು ಹಾಕಿರದಿದ್ರೆ ಸರಣಿ ಎಷ್ಟು ಗೆದ್ದರೂ ಲಾಭ ಇತ್ತ ಬರಲ್ಲ. 1963ರಲ್ಲಿ ಕಾಮಿಕ್ಸ್ ಕಲಾವಿದ ತೆಜುಕಾ ತಮ್ಮ 'ಆಸ್ಟ್ರೋ ಬಾಯ್' ಟಿವಿ ಸರಣಿಯನ್ನ ತೀರಾ ಕಡಿಮೆ ಬೆಲೆಗೆ ಕೊಟ್ಟಿದ್ದೇ ಇದಕ್ಕೆಲ್ಲ ಮೂಲ ಅಂತ ಇಲ್ಲಿ ತುಂಬ ಜನ ಹೇಳ್ತಾರೆ. ಕೈನೋವಿಗೆ ಪಟ್ಟಿ ಸುತ್ಕೊಂಡು ಬಿಡಿಸೋ ಹುಡುಗಿಯರನ್ನ ದಿನಾ ನೋಡ್ತೀನಿ, ಕರುಳು ಹಿಂಡಿದಂಗಾಗುತ್ತೆ.

ಹಾಗಂತ ಬರಬೇಡ ಅನ್ನಲ್ಲ. ಜಪಾನಿ ಕಲಿತೇ ಬಾ, ಜಪಾನಿ ಭಾಷಾ ಪರೀಕ್ಷೆಯ ಎನ್2 ಮಟ್ಟಕ್ಕಾದ್ರೂ. ಚಿತ್ರಗಳಿಗೆ ತಿದ್ದುಪಡಿ ಬರೋದು ಹೆಚ್ಚಾಗಿ ಬಣ್ಣದ ಹಾಳೆಯಲ್ಲಿ, ಅವಸರದ ಕೈಬರಹದಲ್ಲಿ. ಅದಕ್ಕೆ ಆ್ಯಪ್ ನಂಬ್ಕೊಂಡು ಕೂರೋಕಾಗಲ್ಲ. ಹಾಳೆ ಲೆಕ್ಕದ ಕರಾರು ನಂಬಿ ಹೊರಡಬೇಡ, ವೀಸಾಗೂ ತೊಡಕು. ತಿಂಗಳ ಸಂಬಳದ ಕೆಲಸವನ್ನೇ ಹುಡುಕು. ಊಟದ ಚಿಂತೆ ಬೇಡ, ಟೋಕಿಯೋದಲ್ಲಿ ಭಾರತೀಯರು ಹೆಚ್ಚಿರೋ ನಿಶಿಕಾಸಾಯ್‌ಗೆ ಹೋದ್ರೆ ಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತೆ. ಸಾರಿನ ಪುಡಿ ಮಾತ್ರ ಅಮ್ಮನ ಕೈದೇ ತಗೊಂಡು ಬಾ.

ಇಲ್ಲಿ ಸಿನಿಮಾ ಮುಗಿದರೂ ದೀಪ ಹತ್ತೋವರೆಗೆ ಹೆಚ್ಚಿನವರು ಏಳಲ್ಲ, ಹೆಸರುಗಳು ಪೂರ್ತಿ ಹಾದುಹೋಗಬೇಕು. ನನ್ನ ಹೆಸರು ಮೊದಲ ಸಲ ಪರದೆ ಮೇಲೆ ಬಂದಾಗ ಪಕ್ಕದ ಅಜ್ಜಿ ಕೈಚೀಲ ಮಡಿಲಲ್ಲಿಟ್ಟು ಹಾಗೇ ಕೂತಿದ್ರು. ಅವತ್ತು ನನಗೆ ಕಣ್ಣು ತುಂಬಿ ಬಂತು.

ಪೆನ್ಸಿಲಲ್ಲಿ ಬಿಡಿಸಿದ ನಡಿಗೆ, ಓಟದ ಹಾಳೆಗಳಿದ್ರೆ ಕಳಿಸು, ನೋಡಿ ಹೇಳ್ತೀನಿ.